ಮೂಗು ಹಿಡಿಯುವ ಹಕ್ಕು

ಹಾಸ್ಯವನ್ನು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ಸರ್ಕಾರಿ ಸ್ಕೂಲಿನಲ್ಲಿ ಎರಡನೆಯ ಮೇಷ್ಟ್ರಾಗಿದ್ದರೆ ಸಾಕು, ಅದೇ ದಿನಾ ಬಂದು ಹಾಜರಿ ಹಾಕುತ್ತದೆ. ನಾನು ನಂಜನಗೂಡಿನವನು. ಮಹಾರಾಜರ ಸರ್ಕಾರದ ಕೆಲಸ ಸಿಕ್ಕಿ ಮೊದಲು ಹೋದದ್ದು ನರಸೀಪುರದ ಕಡೆ, ಹೊಳೆದಂಡೆಯ ಒಂದು ಊರಿಗೆ. ಊರಿನ ಹೆಸರು ಬೇಡ. ಅಲ್ಲಿಯವರು ಈಗಲೂ ನನ್ನನ್ನು ಕಂಡರೆ ಕರೆದು ಎಲೆ ಅಡಿಕೆ ಕೊಡುತ್ತಾರೆ, ಅದು ತಪ್ಪಿಹೋದೀತು.

ಸ್ಕೂಲಿನಲ್ಲಿ ನಾವು ಮೂವರು: ಹೆಡ್‌ಮೇಷ್ಟ್ರು, ನಾನು, ಗಂಟೆ ಹೊಡೆಯುವ ಜವಾನ. ಹೆಡ್‌ಮೇಷ್ಟ್ರ ಬಾಯಲ್ಲಿ ಸದಾ ಒಂದೇ ಮಾತು, "ಪಕ್ಷಪಾತ ಕೂಡದು ಕಣ್ರೀ." ದಿನಕ್ಕೆ ಹತ್ತು ಸಲವಾದರೂ ಹೇಳುತ್ತಿದ್ದರು. ಹಾಗೆ ಹೇಳಬೇಕಾದ ಸಂದರ್ಭಗಳನ್ನೂ ಅವರೇ ಒದಗಿಸಿಕೊಳ್ಳುತ್ತಿದ್ದರು.

ಗಂಟೆ

ಆ ಹೋಬಳಿಗೆ ಒಬ್ಬ ಶೇಕ್ದಾರರಿದ್ದರು. ಕಂದಾಯ ವಸೂಲಿಯ ಅಧಿಕಾರಿ ಅಂದಮೇಲೆ ಊರಿಗೆ ಅವರೇ ದೊರೆ. ಅವರ ಮಗ ನಾಲ್ಕನೇ ಕ್ಲಾಸಿನಲ್ಲಿದ್ದ. ಹುಡುಗ ಒಳ್ಳೆಯವನೇ, ಆದರೆ ಬೆಳಿಗ್ಗೆ ಏಳುತ್ತಿರಲಿಲ್ಲ.

ನಮ್ಮ ಸ್ಕೂಲಿನಲ್ಲಿ ತಡವಾಗಿ ಬಂದವರು ಒಂಟಿಕಾಲಿನಲ್ಲಿ ನಿಲ್ಲಬೇಕು. ಶೇಕ್ದಾರರ ಮಗನನ್ನು ನಿಲ್ಲಿಸುವ ಎದೆ ಯಾರಿಗಿದೆ? ಬಿಟ್ಟುಬಿಟ್ಟರೆ ಪಕ್ಷಪಾತವಾಯಿತು. ಹೆಡ್‌ಮೇಷ್ಟ್ರು ಬುದ್ಧಿವಂತರು. ಅವನು ಬಂದ ಮೇಲೆಯೇ ಗಂಟೆ ಹೊಡೆಯಬೇಕೆಂದು ಜವಾನನಿಗೆ ಅಪ್ಪಣೆ ಮಾಡಿದರು. ಅಲ್ಲಿಂದಾಚೆಗೆ ಹುಡುಗ ಒಂದು ದಿನವೂ ತಡವಾಗಿ ಬರಲಿಲ್ಲ.

ಒಂದು ಸೋಮವಾರ ನಾನೂ ಹೆಡ್‌ಮೇಷ್ಟ್ರೂ ಒಳಗೆ ಹಾಜರಿ ಪುಸ್ತಕ ಬಿಡಿಸಿಕೊಂಡು ಕೂತೇ ಇದ್ದೇವೆ. ಹನ್ನೊಂದಾಯಿತು, ಹನ್ನೆರಡಾಯಿತು. ಮಕ್ಕಳು ಹೊರಗೆ ಬಿಸಿಲಿನಲ್ಲಿ ಬುಗುರಿ ಆಡುತ್ತಿದ್ದಾರೆ. ಹೊರಗೆ ಬಂದು ನೋಡಿದರೆ ಜವಾನ ಗಂಟೆ ಬಡಿಯುವ ಕೊಡತಿ ಹಿಡಿದು ಬೀದಿಯ ಕೊನೆಯನ್ನೇ ನೋಡುತ್ತ ನಿಂತಿದ್ದಾನೆ.

"ಗಂಟೆ ಯಾಕಯ್ಯಾ ಹೊಡೀಲಿಲ್ಲ?" ಎಂದು ಹೆಡ್‌ಮೇಷ್ಟ್ರು ಗದರಿದರು.

"ಚಿಕ್ ಬುದ್ದಿಯೋರು ಇನ್ನೂ ಬಂದಿಲ್ವಲ್ಲ ಸಾ."

"ಅವರ ಮನೆಯವರೆಲ್ಲ ಮದುವೆಗೆ ಮೈಸೂರಿಗೆ ಹೋಗಿದ್ದಾರಲ್ಲಯ್ಯಾ, ಬರೋದು ಬುಧವಾರ ರಾತ್ರಿ!"

"ಅಂಗಾದ್ರೆ ಇಸ್ಕೂಲು ಸುರುವಾಗೋದು ಗುರುವಾರ ಅನ್ನಿ," ಎಂದು ಅವನು ಕೊಡತಿಯನ್ನು ಮೂಲೆಗಿಟ್ಟ.

ಯೋಗ್ಯತೆಯ ಪರೀಕ್ಷೆ

ಅದೇ ಕ್ಲಾಸಿನಲ್ಲಿ ಒಬ್ಬಳು ಹುಡುಗಿ ಇದ್ದಳು. ಹೊಳೆಯಾಚೆಯ ಹಳ್ಳಿಯ ಒಕ್ಕಲಿನ ಮಗಳು. ಅವಳನ್ನು ಓದಿಸಬೇಕೆಂದು ಯಾರೂ ಕಳಿಸಿದ್ದಲ್ಲ. ಅವಳ ತಮ್ಮ ಒಬ್ಬನೇ ಹರಿಗೋಲು ಹತ್ತಲಾರೆ ಎಂದು ರಂಪ ಮಾಡುತ್ತಿದ್ದ, ಕಾವಲಿಗೆ ಅಕ್ಕನನ್ನು ಕಳಿಸಿದರು. ಕಾವಲಿಗೆ ಬಂದವಳು ಕಲಿತಳು, ಓದಬೇಕಾದವನು ಬುಗುರಿಯಲ್ಲಿ ಪಂಡಿತನಾದ. ನಾಲ್ಕನೇ ಕ್ಲಾಸಿನ ಪರೀಕ್ಷೆಗೆ ಕೂರಬೇಕೆಂದು ಅವಳಿಗೆ ಬಹಳ ಆಸೆ. ಬಾಗಿಲ ಪಕ್ಕದ ಹರಕು ಚಾಪೆ ಅವಳ ಜಾಗ.

ಮಾನಿಟರನ್ನು ಯೋಗ್ಯತೆ ನೋಡಿ ಆರಿಸಬೇಕೆಂದು ಮೇಲಿನಿಂದ ಕಾಗದ ಬಂತು. ಅದುವರೆಗೆ ಶೇಕ್ದಾರರ ಮಗನೇ ಮಾನಿಟರಾಗಿದ್ದ. ಹೆಡ್‌ಮೇಷ್ಟ್ರು ರಾತ್ರಿಯೆಲ್ಲ ಯೋಚಿಸಿ ಒಂದೇ ಪ್ರಶ್ನೆಯ ಪರೀಕ್ಷೆ ಇಟ್ಟರು: "ನಮ್ಮ ಶೇಕ್ದಾರರ ಕೊಟ್ಟಿಗೆಯಲ್ಲಿ ಹಸುಗಳು ಎಷ್ಟು?"

ಹುಡುಗರು ಮುಖ ಮುಖ ನೋಡಿಕೊಂಡರು. ಶೇಕ್ದಾರರ ಮಗ ಎದ್ದು, "ನಾಲ್ಕು" ಎಂದ.

"ಐದು ಸಾ," ಎಂದಳು ಬಾಗಿಲ ಪಕ್ಕದವಳು. "ದಿನಾ ಉಲ್ ಒತ್ತಾಕೋದು ನಮ್ಮಪ್ಪಾನೆಯ. ಇವ್ರು ಒಂದಿನಾನೂ ಕೊಟ್ಗೆ ತಾವ್ಕೆ ಬಂದಿಲ್ಲ."

ವಿಚಾರಿಸಿದರೆ ಐದೇ. ಹೆಡ್‌ಮೇಷ್ಟ್ರು ಒಂದು ಚಿಟಿಕೆ ನಸ್ಯ ಏರಿಸಿ ತೀರ್ಪು ಕೊಟ್ಟರು. "ಉತ್ತರ ಹೇಳಿದವರು ಇಬ್ಬರೇ. ಮೊದಲನೇ ಸ್ಥಾನ ಹುಡುಗಿಗೆ. ಹುಡುಗಿ ಮಾನಿಟರಾಗುವ ಪದ್ಧತಿ ಇಲ್ಲ. ಆದ್ದರಿಂದ ಎರಡನೇ ಸ್ಥಾನ ಬಂದವನೇ ಮಾನಿಟರು. ಪಕ್ಷಪಾತ ಕೂಡದು."

ನಾನು ಬಾಯಿ ಬಿಡಲಿಲ್ಲ. ಎರಡನೆಯ ಮೇಷ್ಟ್ರಿಗೆ ಬಾಯಿ ಇರುವುದು ಮಗ್ಗಿ ಹೇಳಿಸುವುದಕ್ಕೆ.

ಬದಲಿ ಕೈ

ಆಗೆಲ್ಲ ಸ್ಕೂಲುಗಳಲ್ಲಿ ಒಂದು ಪದ್ಧತಿ ಇತ್ತು. ಸರಿಯಾದ ಉತ್ತರ ಹೇಳಿದವನು, ಹೇಳದವರ ಮೂಗನ್ನು ಎಡಗೈಯಲ್ಲಿ ಹಿಡಿದು ಬಲಗೈಯಿಂದ ಕೆನ್ನೆಗೆ ಒಂದು ಬಿಡಬೇಕು. ನನ್ನ ಮೂಗಿನ ತುದಿ ಈಗಲೂ ಸ್ವಲ್ಪ ಎಡಕ್ಕಿರುವುದು ಅದೇ ವಿದ್ಯಾಭ್ಯಾಸದ ಫಲ.

ಒಂದು ದಿನ ಹದಿನೇಳರ ಮಗ್ಗಿಯಲ್ಲಿ ಕ್ಲಾಸಿಗೆ ಕ್ಲಾಸೇ ಮುಗ್ಗರಿಸಿತು. ಹುಡುಗಿ ಹೇಳಿದಳು. ಹೇಳಿ, ಪದ್ಧತಿಯಂತೆ ಸಾಲು ಹಿಡಿದು ಹೊರಟಳು. ಹಾಲು ಕರೆದು ಪಳಗಿದ ಕೈ. ಶೇಕ್ದಾರರ ಮಗನ ಮೂಗು ಸಂಜೆಯವರೆಗೂ ಕೆಂಪಗೇ ಇತ್ತು.

ಮಾರನೆಯ ದಿನ ಶೇಕ್ದಾರರೇ ಬಂದರು. ಗಂಡುಮಕ್ಕಳ ಸ್ಕೂಲಿನಲ್ಲಿ ಹೆಣ್ಣಿಗೇನು ಕೆಲಸ ಎಂದರು. ಹೆಡ್‌ಮೇಷ್ಟ್ರು ಕೈ ಹೊಸೆದು, "ಇನ್ಸ್‌ಪೆಕ್ಟರು ಬರೋವರೆಗೆ ಹಾಜರಿ ಜಾಸ್ತಿ ಕಾಣಬೇಕು ಸ್ವಾಮಿ. ಅವರು ಬಂದು ಹೋದ ದಿನವೇ ಇವಳ ಹೆಸರು ಹೊಡೆದು ಹಾಕ್ತೀನಿ," ಎಂದು ಮಾತು ಕೊಟ್ಟರು. ಹುಡುಗಿ ಬಾಗಿಲ ಪಕ್ಕದಲ್ಲೇ ಕೂತಿದ್ದಳು. ಆಮೇಲೆ ದಿನವೂ ಬಂದ ತಕ್ಷಣ ನನ್ನ ಮೇಜಿನ ಹತ್ತಿರ ನಿಂತು, "ನನ್ನೆಸರು ಅಯ್ತಾ ಸಾ?" ಎಂದು ಕೇಳಿ, ಪುಸ್ತಕದಲ್ಲಿ ನೋಡಿಯೇ ಹೋಗಿ ಕೂರುತ್ತಿದ್ದಳು. ನಾನು ಹೆಸರಿನ ಮೇಲೆ ಬೆರಳಿಟ್ಟು ತೋರಿಸುತ್ತಿದ್ದೆ. ತೋರಿಸಿ, ಮಗ್ಗಿ ಶುರು ಮಾಡುತ್ತಿದ್ದೆ.

ಇನ್ಸ್‌ಪೆಕ್ಟರು ಬರುವವರೆಗೆ ಮೂಗುಗಳ ಗತಿ ಏನು? ಹೆಣ್ಣು ಹಿಡಿದರೆ ಮರ್ಯಾದೆ ಹೋಗುತ್ತದೆ, ಹಿಡಿಯದಿದ್ದರೆ ಪದ್ಧತಿ ಹೋಗುತ್ತದೆ. ಉತ್ತರ ಅಕ್ಕ ಹೇಳಲಿ, ಮೂಗು ತಮ್ಮ ಹಿಡಿಯಲಿ ಎಂದು ಹೆಡ್‌ಮೇಷ್ಟ್ರು ಏರ್ಪಾಡು ಮಾಡಿದರು. ತಮ್ಮನಿಗೆ ಪರಮಾನಂದ. ತೊಡಕು ಏನೆಂದರೆ, ಉತ್ತರ ಹೇಳದವರ ಸಾಲಿನಲ್ಲಿ ಅವನೂ ಇರುತ್ತಿದ್ದ. ಮೊದಲ ದಿನ ಎಲ್ಲರದ್ದೂ ಮುಗಿಸಿ, ಕೊನೆಗೆ ತನ್ನ ಮೂಗನ್ನು ತಾನೇ ಹಿಡಿದುಕೊಂಡು ಕೆನ್ನೆಯನ್ನು ಮೆಲ್ಲಗೆ ಸವರಿಕೊಂಡ.

ಹೆಡ್‌ಮೇಷ್ಟ್ರು ಕುರ್ಚಿಯಿಂದಲೇ ಅಂದರು, "ಜೋರಾಗಿ ಹೊಡ್ಕೊಳೋ. ಪಕ್ಷಪಾತ ಕೂಡದು."

ಮುಕ್ಕಾಲು ಮುಕ್ಕಾಲು

ಇನ್ಸ್‌ಪೆಕ್ಟರು ಬಂದರು. ನಂಜನಗೂಡಿನವರೆಗೆ ರೈಲು, ಅಲ್ಲಿಂದ ಎತ್ತಿನ ಗಾಡಿ. ಸೊಂಟ ಹಿಡಿದುಕೊಂಡೇ ಇಳಿದರು. ಹೆಡ್‌ಮೇಷ್ಟ್ರ ಕುರ್ಚಿ ಅವರಿಗೆ, ನನ್ನ ಕುರ್ಚಿ ಶೇಕ್ದಾರರಿಗೆ. ನಾವಿಬ್ಬರೂ ಕೈ ಕಟ್ಟಿ ಗೋಡೆಗೆ.

"ಮುಕ್ಕಾಲನ್ನು ಮುಕ್ಕಾಲಿನಿಂದ ಗುಣಿಸಿದರೆ ಎಷ್ಟು?" ಎಂದು ಕೇಳಿದರು.

ಹುಡುಗರೆಲ್ಲ ಬೆರಳು ಮಡಿಸತೊಡಗಿದರು. ಶೇಕ್ದಾರರ ಮಗ ಎದ್ದು, "ಒಂದೂವರೆ" ಎಂದ. ಪಾಪ, ಕೂಡಿಬಿಟ್ಟಿದ್ದ. ಶೇಕ್ದಾರರು ತಲೆದೂಗಿದರು. ಅವರು ತಲೆದೂಗಿದ್ದನ್ನು ಕಂಡು ಹೆಡ್‌ಮೇಷ್ಟ್ರು, "ಸರಿ, ಬಹಳ ಸರಿ," ಎಂದುಬಿಟ್ಟರು. ಅಭ್ಯಾಸ.

"ಅಲ್ಲ ಬುದ್ದಿ," ಎಂದಿತು ಬಾಗಿಲ ಪಕ್ಕದಿಂದ ಒಂದು ದನಿ. "ಅರ್ಧದ ಮ್ಯಾಲೆ ಒಂದ್ ವೀಸ. ಅದಿನಾರು ಪಾಲ್ನಲ್ಲಿ ಒಂಬತ್ತು."

"ಭೇಷ್," ಎಂದರು ಇನ್ಸ್‌ಪೆಕ್ಟರು.

ಅಷ್ಟೇ ಸಾಕಾಯಿತು. ತಮ್ಮ ಎದ್ದ. ಯಾರೂ ಹೇಳದೆಯೇ ಸಾಲು ಹಿಡಿದು, ಶೇಕ್ದಾರರ ಎದುರಿಗೇ ಅವರ ಮಗನದ್ದೂ ಸೇರಿ ಎಲ್ಲ ಮೂಗುಗಳನ್ನೂ ಮುಗಿಸಿ, ತನ್ನ ಕೆನ್ನೆಗೂ ಪಟಾರನೆ ಒಂದು ಕೊಟ್ಟುಕೊಂಡು, ನೇರವಾಗಿ ಹೆಡ್‌ಮೇಷ್ಟ್ರ ಮುಂದೆ ಬಂದು ನಿಂತು ಮೇಲೆ ನೋಡಿದ. "ಇವ್ರೂ ಸರಿ ಅಂದ್ರಲ್ಲ ಬುದ್ದಿ. ಆದ್ರೆ ನಂಗೆ ಎಟುಕಾಕಿಲ್ಲ."

ಹೆಡ್‌ಮೇಷ್ಟ್ರ ಕೈ ತಾನಾಗಿ ಮೂಗಿನ ಮೇಲೆ ಹೋಯಿತು. ಇನ್ಸ್‌ಪೆಕ್ಟರು ಮೀಸೆಯೊಳಗೇ ನಕ್ಕು, "ಉತ್ತರ ಹೇಳಿದ್ದು ಅವಳು, ಹಿಡಿಯೋದು ನೀನಾ?" ಎಂದರು.

"ನಮ್ಮಕ್ಕ ಎಣ್ಣು ಬುದ್ದಿ. ನಾನು ಬದ್ಲಿ ಕೈ."

"ಬದಲಿ ಬೇಡ. ಬಾಮ್ಮ, ನೀನೇ ಬಾ. ಯಾರ ಮೂಗು ಬೇಕಾದರೂ ಹಿಡಿ."

ಹುಡುಗಿ ಎದ್ದು ಬಂದಳು. ಹೆಡ್‌ಮೇಷ್ಟ್ರ ಮೂಗಿನ ಕಡೆ ನೋಡಲೂ ಇಲ್ಲ. "ನಂಗ್ ಯಾರ್ ಮೂಗೂ ಬ್ಯಾಡಿ ಬುದ್ದಿ. ನೀವು ಊರ್ಗೆ ಓದ್ ಮ್ಯಾಲೆ ನನ್ನೆಸ್ರು ಒಡೆದಾಕ್ತಾರಂತೆ. ಅದೊಂದ್ ಇರುಸ್ಕೊಡಿ, ಪರೀಕ್ಸೆ ಆಗೋಗಂಟ."

ಶೇಕ್ದಾರರು ಹೆಂಚು ಎಣಿಸತೊಡಗಿದರು. ನನಗೆ ನಾಚಿಕೆಯಾಯಿತು, ನನ್ನ ಮೂಗನ್ನೂ ಯಾರಾದರೂ ಹಿಡಿದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಇನ್ಸ್‌ಪೆಕ್ಟರು ತಪಾಸಣೆಯ ಪುಸ್ತಕ ತರಿಸಿ ಬರೆದು, ಬರೆದದ್ದನ್ನು ಓದಿ ಹೇಳಿದರು: ಈ ಹುಡುಗಿಯ ಹೆಸರನ್ನು ತಮ್ಮ ಅಪ್ಪಣೆಯಿಲ್ಲದೆ ತೆಗೆಯಕೂಡದು, ಪರೀಕ್ಷೆಗೆ ಕೂರಿಸಬೇಕು, ಮತ್ತು ನಾಳೆಯಿಂದ ಕ್ಲಾಸಿಗೆ ಇವಳೇ ಮಾನಿಟರು.

"ಆಗಲಿ ಸಾರ್. ನಾನು ಮೊದಲಿಂದ ಹೇಳ್ತಿರೋದೂ ಅದೇ," ಎಂದರು ಹೆಡ್‌ಮೇಷ್ಟ್ರು ಮೂಗು ಬಿಡದೆ. "ಪಕ್ಷಪಾತ ಕೂಡದು."

ಮರುದಿನ ನಾನು ಹೋದಾಗ ಹನ್ನೊಂದು ಹೊಡೆಯುವ ಹೊತ್ತು. ಮಕ್ಕಳೆಲ್ಲ ಅಂಗಳದಲ್ಲೇ ನಿಂತಿದ್ದಾರೆ. ಎಂದೂ ಇಲ್ಲದೆ ಶೇಕ್ದಾರರ ಮಗ ಎಲ್ಲರಿಗಿಂತ ಮೊದಲು ಬಂದು ಸಾಲಿನ ಮುಂದೆ ಬೆವರುತ್ತಿದ್ದಾನೆ. ಹೆಡ್‌ಮೇಷ್ಟ್ರು ಬಾಗಿಲಲ್ಲಿ ನಿಂತು ಕೂಗಿದರು, "ಹುಡುಗ ಬಂದಾಯ್ತಲ್ಲಯ್ಯಾ, ಇನ್ನೇನು ನೋಡ್ತೀಯ, ಹೊಡಿ ಗಂಟೆ!"

ಜವಾನ ಕೊಡತಿ ಹಿಡಿದು, ಈ ಸಲ ಬೀದಿಗೆ ಬೆನ್ನು ಹಾಕಿ ಹೊಳೆಯ ಕಡೆ ನೋಡುತ್ತಿದ್ದ.

"ಸ್ವಲ್ಪ ತಡೀರಿ ಸಾ," ಎಂದ. "ಮಾನೀಟ್ರಮ್ಮೋರ ಅರಿಗೋಲು ಇನ್ನೂ ಆಚೆ ದಡದಾಗೇ ಅಯ್ತೆ."