ಗೊರವಗಳು ಮಾಡಿದ ಸರ್ವೆ

ದುರ್ಬೀನು ಹಿಡಿದು ನೀರು ನಿಂತ ಗದ್ದೆಯನ್ನು ನೋಡುತ್ತಾ ನಿಂತವನನ್ನು ನಮ್ಮ ಶಿರಾ ಸೀಮೆಯಲ್ಲಿ ಯಾರೂ ಸುಮ್ಮನೆ ಬಿಡುವುದಿಲ್ಲ. ನಾನು ಮೇಷ್ಟ್ರು, ಭಾನುವಾರ ಹಕ್ಕಿ ನೋಡುವುದು ನನ್ನ ಚಟ ಎಂದರೆ ಅನುಮಾನ ಇನ್ನೂ ಜಾಸ್ತಿಯಾಗುತ್ತದೆ.

ರೋಡು

ಗಣೇಶನ ಹಬ್ಬದ ಹೊತ್ತಿಗೆ ಮದಲೂರು ಕೆರೆ ಕೋಡಿ ಬಿದ್ದು ಕೆಳಗಿನ ಗದ್ದೆಗಳು ಮುಳುಗಿದ್ದವು. ದೂರದ ಚಳಿ ದೇಶದ ಗೊರವ ಹಕ್ಕಿಗಳು ಆಗಲೇ ಬಂದು ಇಳಿದಿದ್ದವು. ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ದುರ್ಬೀನು ಇಟ್ಟೆನೋ ಇಲ್ಲವೋ, ಗದ್ದೆಯ ಯಜಮಾನ ಹಾಜರ್.

"ಬೈಪಾಸ್ ರೋಡು ನಮ್ಮ ಗದ್ದೆ ಮ್ಯಾಲೇ ಬತ್ತೈತಾ ಸಾರ್?"

ಹಕ್ಕಿ ಎಂದೆ, ನಂಬಲಿಲ್ಲ. ನೀವೇ ನೋಡಿ ಎಂದೆ. ಬಗ್ಗಿ ಬಹಳ ಹೊತ್ತು ನೋಡಿದ. ಕಂಡಿತೇ ಎಂದು ಕೇಳಿದೆ.

"ಹಕ್ಕಿ ಇರ್ಲಿ ಬುಡಿ. ಆ ಕಡೆ ನಮ್ಮ ಚಿಕ್ಕಪ್ಪನ ಮಗ ಗುದ್ದಲಿ ಹಿಡ್ಕಂಡು ನಿಂತವ್ನೆ."

ಬದು

ಈ ದಾಯಾದಿ ಅಣ್ಣತಮ್ಮಂದಿರ ಗದ್ದೆಗಳ ನಡುವಿನ ಬದು ನೀರಿನಡಿ ಹೋಗಿತ್ತು. ದುರ್ಬೀನಿಗೆ ಬಗ್ಗಿದವನು ಅಣ್ಣ, ಗುದ್ದಲಿಯವನು ತಮ್ಮ. ಕಾಣದಿರುವಾಗ ತಮ್ಮ ಅದನ್ನು ಈ ಕಡೆಗೆ ಒತ್ತಿಬಿಡುತ್ತಾನೆ ಎಂದು ಅಣ್ಣನಿಗೆ ಗುಮಾನಿ. ತಮ್ಮನಿಗೂ ಅಣ್ಣನ ಮೇಲೆ ಅದೇ ಗುಮಾನಿ. ಇಬ್ಬರೂ ಮಾತು ಬಿಟ್ಟು ವರ್ಷಗಳೇ ಆಗಿದ್ದವು.

ಮೇಷ್ಟ್ರ ಬಾಯಿ ಸುಮ್ಮನಿರಬೇಕಲ್ಲ. ಗೊರವದ ಕಾಲು ಗಿಡ್ಡ, ಆಳದ ನೀರಿನಲ್ಲಿ ನಿಲ್ಲಲಾಗದು, ಅಗೋ ಸಾಲಾಗಿ ನಿಂತಿವೆಯಲ್ಲ, ಅದರಡಿಯೇ ನಿಮ್ಮ ಬದು ಎಂದು ಇಬ್ಬರಿಗೂ ಬೇರೆ ಬೇರೆಯಾಗಿ ಪಾಠ ಮಾಡಿದೆ. ಇಬ್ಬರೂ ಕೇಳಿದ್ದು ಒಂದೇ ಪ್ರಶ್ನೆ.

"ಅವು ಅವ್ನ ಪಾರ್ಟಿಯವಾ ಸಾರ್?"

ಪುರಿ

ಮುಂದಿನ ಭಾನುವಾರ ಹೋದರೆ ಅಣ್ಣ ತಮ್ಮನ ಗದ್ದೆಯೊಳಕ್ಕೆ ಕಡ್ಲೆಪುರಿ ಎರಚುತ್ತಿದ್ದ. ಹಕ್ಕಿ ಆ ಕಡೆ ಸರಿದರೆ ಬದುವೂ ಆ ಕಡೆ ಇದ್ದಂತಾಯಿತಲ್ಲ! ತಮ್ಮ ಅಣ್ಣನ ಗದ್ದೆಗೆ ರಾಗಿ ಎರಚುತ್ತಿದ್ದ. ಗೊರವಗಳು ತಲೆಯೆತ್ತಿಯೂ ನೋಡಲಿಲ್ಲ. ಇವು ಏನು ತಿನ್ನುತ್ತವೆ ಎಂದು ಇಬ್ಬರೂ ನನ್ನನ್ನು ಗುಟ್ಟಾಗಿ ಕೇಳಿದರು. ಹುಳ ಎಂದೆ. ಅಷ್ಟರಲ್ಲಿ ಊರಿನ ಕಾಗೆಗಳು ಎರಡೂ ಪಾರ್ಟಿಯ ಊಟ ಮುಗಿಸಿದ್ದವು.

ಗಾಳ

ಅದರ ಮುಂದಿನ ವಾರ ಬೆಳಿಗ್ಗೆ ಅಣ್ಣತಮ್ಮಂದಿರು ತಿಪ್ಪೆಯ ಹತ್ತಿರ ನನ್ನ ಕಣ್ಣೆದುರೇ ಮುಖಾಮುಖಿಯಾದರು. ಇಬ್ಬರ ಕೈಯಲ್ಲೂ ಒಂದೊಂದು ಕರಟ, ಕರಟದ ತುಂಬ ಎರೆಹುಳ.

"ಗಾಳ ಹಾಕಾಕೆ," ಅಂದ ಅಣ್ಣ.

"ನಾನೂ ಅದ್ಕೇಯ," ಅಂದ ತಮ್ಮ.

ಎಷ್ಟೋ ವರ್ಷಗಳ ಮೇಲೆ ಆಡಿದ ಮಾತು. ಆಡಿದ ಮೇಲೆ ಹೋಗದೆ ವಿಧಿಯಿಲ್ಲ. ಗಾಳ ತಂದು ಕೆರೆಯ ದಡದಲ್ಲಿ ಅಕ್ಕಪಕ್ಕ ಕೂತರು. ತಾನು ಎದ್ದರೆ ಇನ್ನೊಬ್ಬ ಗದ್ದೆಗೆ ಓಡುತ್ತಾನೆಂದು ಮಧ್ಯಾಹ್ನವಾದರೂ ಇಬ್ಬರೂ ಏಳಲಿಲ್ಲ. ನನಗೆ ಅಯ್ಯೋ ಅನಿಸಿ, ಎಷ್ಟು ಮೀನು ಬಿತ್ತು ಎಂದು ನೋಡಲು ಹೋದೆ. ಒಂದೂ ಬಿದ್ದಿರಲಿಲ್ಲ. ಗೊರವಗಳಿಗೆ ಕಡಿಮೆಯಾದೀತೆಂದು ಇಬ್ಬರೂ ಗಾಳಕ್ಕೆ ಹುಳವನ್ನೇ ಸಿಕ್ಕಿಸಿರಲಿಲ್ಲ.