ಅಟ್ಟಣೆಯ ಮೇಲೊಂದು ಬಿಳಿ ಗೋಡೆ

ವೃಷಭೇಂದ್ರನ ತೊಂದರೆ ಶುರುವಾದದ್ದು ಒಂದು ಗೋಡೆಯಿಂದ. ಗೋಡೆ ಇದ್ದದ್ದರಿಂದಲ್ಲ, ಇಲ್ಲದ್ದರಿಂದ.

ಕೊಯಮತ್ತೂರಿನ ಒಂದು ಸಾಫ್ಟ್‌ವೇರ್ ಕಂಪನಿಗೆ ಅವನು ಗಡಿಯಂಚಿನ ತನ್ನೂರು ತಿಗನಾರೆಯಲ್ಲೇ ಕೂತು ಕೆಲಸ ಮಾಡುತ್ತಿದ್ದ. ಯಾರೋ ಬರೆದ ಪ್ರೋಗ್ರಾಮಿನಲ್ಲಿ ಇನ್ಯಾರೋ ಹುಡುಕಿದ ತಪ್ಪನ್ನು ಮತ್ಯಾರಿಗೋ ತಲುಪಿಸಿ, 'ಇದನ್ನು ಗಮನಿಸುತ್ತಿದ್ದೇವೆ' ಎಂದು ಗಿರಾಕಿಗೆ ಬರೆಯುವುದು ಅವನ ಕೆಲಸ. ಇದು ಕೆಲಸ ಹೌದೋ ಅಲ್ಲವೋ ಎಂದು ಅವನ ಅವ್ವ ಶಿವಮಲ್ಲಮ್ಮನಿಗೆ ಅನುಮಾನವಿತ್ತು. ಅವನಿಗೂ ಇತ್ತು. ಸಂಬಳ ಬರುತ್ತಿದ್ದದ್ದರಿಂದ ಇಬ್ಬರೂ ಆ ವಿಷಯ ಎತ್ತುತ್ತಿರಲಿಲ್ಲ.

ಊರಿನಲ್ಲಿ ಸರಿಯಾಗಿ ಸಿಗ್ನಲ್ ಸಿಗುತ್ತಿದ್ದದ್ದು ಒಂದೇ ಕಡೆ, ಪುಟ್ಟಬಸಪ್ಪನ ಜೋಳದ ಹೊಲದ ಅಂಚಿನಲ್ಲಿ, ಮರದ ಮೇಲೆ ಕಟ್ಟಿದ ಅಟ್ಟಣೆಯಲ್ಲಿ. ರಾತ್ರಿ ಪುಟ್ಟಬಸಪ್ಪ ಅಲ್ಲಿ ಕೂತು ಹಂದಿ ಕಾಯುತ್ತಿದ್ದ. ಹಗಲು ವೃಷಭೇಂದ್ರ ಅದೇ ಜಾಗದಲ್ಲಿ ಕೂತು ಕಂಪನಿ ಕಾಯುತ್ತಿದ್ದ. ನೋಡಿದರೆ ಇಬ್ಬರದೂ ಒಂದೇ ಕೆಲಸ: ತೂಕಡಿಕೆ ಬರದಂತೆ ನೋಡಿಕೊಳ್ಳುವುದು, ನಡುನಡುವೆ ಒಂದು ಸದ್ದು ಮಾಡಿ ತಾನಿದ್ದೇನೆ ಎಂದು ತೋರಿಸುವುದು.

ಹೀಗೆ ನೆಮ್ಮದಿಯಾಗಿದ್ದಾಗ ಕಂಪನಿಯಿಂದ ಆಜ್ಞೆ ಬಂತು. ಎಲ್ಲರೂ ಆಫೀಸಿಗೆ ವಾಪಸಾಗಬೇಕು. ಮನೆಯಲ್ಲೇ ಇರುತ್ತೇವೆನ್ನುವವರು ಮನೆಯಲ್ಲಿ ಆಫೀಸಿನ ವಾತಾವರಣವಿದೆಯೆಂದು ವಿಡಿಯೋದಲ್ಲಿ ತೋರಿಸಬೇಕು. ಬೆನ್ನ ಹಿಂದೆ ಖಾಲಿ ಗೋಡೆ ಇರಬೇಕು. ಕಂಪ್ಯೂಟರ್ ಹುಟ್ಟಿಸುವ ಸುಳ್ಳು ಚಿತ್ರಗಳನ್ನು ಹಿಂದೆ ಹಾಕಿಕೊಂಡವರಿಗೆ ಕ್ಷಮೆ ಇಲ್ಲ. ಯಾರೋ ಪುಣ್ಯಾತ್ಮ ಹಿಂದೆ ಪುಸ್ತಕದ ಬೀರು ತೋರಿಸಿ ಬಾರಿನಲ್ಲಿ ಕೂತಿದ್ದನಂತೆ. ಹಿಂದಿನಿಂದ ಸಪ್ಲೈಯರ್ ಬಂದು ಪುಸ್ತಕಗಳ ನಡುವಿನಿಂದ ಆಮ್ಲೆಟ್ ಚಾಚಿದಾಗ ಸಿಕ್ಕಿಬಿದ್ದ.

ವೃಷಭೇಂದ್ರನ ತಪಾಸಣೆ ಶುಕ್ರವಾರ ಮಧ್ಯಾಹ್ನ. ಫೇಲಾದರೆ ಸೋಮವಾರ ಕೊಯಮತ್ತೂರು. ಅಲ್ಲಿ ಅವನು ಹಿಂದೊಮ್ಮೆ ಇದ್ದವನೇ. ಆಗ ಉಳಿದಿದ್ದ ಲಾಡ್ಜಿನಲ್ಲಿ ಹಾಸಿಗೆಯನ್ನೂ ಪಾಳಿಯ ಮೇಲೆ ಕೊಡುತ್ತಿದ್ದರು. ರಾತ್ರಿ ಪಾಳಿಯವನು ಬಂದು ಕಾಲು ಮುಟ್ಟಿ ಎಬ್ಬಿಸುತ್ತಿದ್ದ, ಇವನ ಮೈಯ ಬಿಸಿ ಆರುವ ಮೊದಲೇ ಅಲ್ಲಿ ಅವನು ಮಲಗಿರುತ್ತಿದ್ದ. ಆ ಅಪರಿಚಿತನ ತಲೆಗೂದಲೆಣ್ಣೆಯ ವಾಸನೆ ನೆನೆದರೆ ವೃಷಭೇಂದ್ರನಿಗೆ ಈಗಲೂ ಊಟ ಸೇರುತ್ತಿರಲಿಲ್ಲ.

ಮನೆಯಲ್ಲಿ ಗೋಡೆ ಇತ್ತು, ಸಿಗ್ನಲ್ ಇರಲಿಲ್ಲ. ಅಟ್ಟಣೆಯಲ್ಲಿ ಸಿಗ್ನಲ್ ಇತ್ತು, ಗೋಡೆ ಇರಲಿಲ್ಲ. ಶುಕ್ರವಾರ ಬೆಳಿಗ್ಗೆ ಅವನು ಅವ್ವನ ಪೆಟ್ಟಿಗೆಯಿಂದ ಬಿಳಿ ದುಪ್ಪಟಿಯೊಂದನ್ನು ಎಳೆದ.

"ಅದ್ಯಾಕ್ಲಾ? ಬೀಗರು ಬಂದಾಗ ಆಸಾಕ ಮಡಗಿರದು ಅದು" ಎಂದಳು ಶಿವಮಲ್ಲಮ್ಮ.

"ಗೋಡೆ ಮಾಡ್ಕೊಬೇಕು ಕಣವ್ವ."

"ಮನೇಲಿ ನಾಕ್ ಗೋಡೆ ಇಲ್ವಾ?"

"ಅವಕ್ಕೆ ಸಿಗ್ನಲ್ ಇಲ್ಲ."

ಶಿವಮಲ್ಲಮ್ಮ ನಾಲ್ಕೂ ಗೋಡೆಗಳನ್ನು ಒಮ್ಮೆ ನೋಡಿದಳು. "ನಿಮ್ಮಪ್ಪ ಕಟ್ಟುದ್ದು. ಅವನ್ಗೇನ್ ಗೊತ್ತಿತ್ತು. ದುಪ್ಪಟಿ ಕೊಳೆ ಮಾಡ್‌ಬುಟ್ಟಿಯ, ಉಸಾರು."

ದುಪ್ಪಟಿಯನ್ನು ಅಟ್ಟಣೆಯ ಎರಡು ಗಳುಗಳಿಗೆ ಬಿಗಿದು ಕಟ್ಟಿ, ಅದರ ಮುಂದೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೂತಾಗ ವೃಷಭೇಂದ್ರ ಪಾಸ್‌ಪೋರ್ಟ್ ಫೋಟೋದಂತೆ ಕಂಡ. ಅಂಗಿಯ ಕೆಳಗೆ ಚಡ್ಡಿ ಇತ್ತು. ಅದು ತಪಾಸಣೆಗೆ ಒಳಪಡುವ ಭಾಗವಲ್ಲ.

ಅವನಿಗೆ ಗೊತ್ತಿಲ್ಲದ ಒಂದು ಸಂಗತಿ ಇತ್ತು. ಹಿಂದಿನ ತಿಂಗಳು ಬಸವೇಶ್ವರ ಗುಡಿಯ ಜಗಲಿಯಲ್ಲಿ ಊರವರು ಸಭೆ ಸೇರಿ ಒಂದು ಕಟ್ಟು ಮಾಡಿದ್ದರು. ಹೊಲಗಳಲ್ಲಿ ಫೋನ್ ಹತ್ತುವುದಿಲ್ಲವಾದ್ದರಿಂದ, ಹಗಲು ಹೊತ್ತು ಆನೆ ಕಂಡವರು ಅಟ್ಟಣೆಯ ಮೇಲೆ ಬಿಳಿ ಬಟ್ಟೆ ಕಟ್ಟಬೇಕು. ಕಂಡವರೆಲ್ಲ ತಗಡು, ಪಟಾಕಿ ಹಿಡಿದು ಓಡಿಬರಬೇಕು. ಸುಮ್ಮನೆ ಬಟ್ಟೆ ಕಟ್ಟಿ ಊರನ್ನು ಓಡಿಸಿದವನಿಗೆ ಒಂದು ತಿಂಗಳು ಅಟ್ಟಣೆಯಲ್ಲಿ ರಾತ್ರಿ ಕಾವಲಿನ ದಂಡ. ಆ ಸಭೆಯಲ್ಲಿ ವೃಷಭೇಂದ್ರನೂ ಇದ್ದ. ಆದರೆ ಕಿವಿಯಲ್ಲಿ ಇಯರ್‌ಫೋನ್ ಇತ್ತು. ತುಂಡು ತುಂಡಾಗಿ ಹತ್ತುತ್ತಿದ್ದ ಸಿಗ್ನಲ್ಲಿನಲ್ಲಿ ಕಂಪನಿಯ ಇನ್ನೊಂದು ಸಭೆಯಲ್ಲೂ ಅವನಿದ್ದ. ಎರಡೂ ಸಭೆಗಳಲ್ಲಿ ತಲೆಯಾಡಿಸಿದ್ದ. ಎರಡರಲ್ಲೂ ಏನು ತೀರ್ಮಾನವಾಯಿತೆಂದು ತಿಳಿದಿರಲಿಲ್ಲ.

ಪರದೆಯ ಮೇಲೆ ಎಚ್.ಆರ್. ವಿಭಾಗದ ದಿವ್ಯ ಪ್ರತ್ಯಕ್ಷಳಾದಳು. ಮಾತು ತಮಿಳಿನಲ್ಲಿ ನಡೆಯಿತು. ಆ ಸೀಮೆಯವರಿಗೆ ತಮಿಳೆಂದರೆ ಮನೆಯ ಹಿತ್ತಿಲ ಬಾಗಿಲಿದ್ದಂತೆ, ಯಾವಾಗ ಬೇಕಾದರೂ ಹೋಗಿಬರಬಹುದು.

"ಗೋಡೆ ತುಂಬಾ ಚೆನ್ನಾಗಿದೆ" ಎಂದಳು ದಿವ್ಯ. "ಈಚೆಗೆ ಬಣ್ಣ ಹೊಡೆಸಿದ್ರಾ?"

"ಹೂಂ ಮೇಡಂ. ಇವತ್ತು ಬೆಳಿಗ್ಗೆ."

"ಮೆಲ್ಲಗೆ ಅಲ್ಲಾಡ್ತಿದೆ ಅನ್ಸುತ್ತೆ."

"ನೆಟ್ ಸ್ಲೋ ಇರಬೇಕು ಮೇಡಂ."

ದಿವ್ಯ ಒಪ್ಪಿದಳು. ಅಷ್ಟರಲ್ಲಿ ಕೆಳಗಿನಿಂದ ಪ್ರಳಯದಂಥ ಸದ್ದು ಎದ್ದಿತು. ತಗಡು, ತಟ್ಟೆ, ಎಣ್ಣೆ ಡಬ್ಬ, ಅದರ ಮೇಲೆ ಪಕ್ಕದ ಹೊಲದ ದೊಡ್ಡಮಾದನ ಸೀಟಿ. ಊರಿಗೆ ಊರೇ ಜೋಳದ ಹೊಲಕ್ಕೆ ನುಗ್ಗಿತ್ತು.

"ಏನದು ಗಲಾಟೆ?"

"ಪಕ್ಕದ ಮನೇಲಿ ಮದುವೆ ಮೇಡಂ."

ಏಣಿ ಕಿರುಗುಟ್ಟಿತು. ಪುಟ್ಟಬಸಪ್ಪನ ತಲೆ, ಅದರ ಹಿಂದೆ ಅವನ ಕೈಯ ಪಟಾಕಿ ಸರ, ವೃಷಭೇಂದ್ರನ ಭುಜದ ಪಕ್ಕದಲ್ಲಿ ಮೂಡಿದವು.

"ಎಲ್ಲಿ ಕಣ್ಲಾ ಆನೆ?"

ಆನೆ ತಮಿಳಿನಲ್ಲೂ ಹೆಚ್ಚುಕಮ್ಮಿ ಆನೆಯೇ. ದಿವ್ಯ ಹುಬ್ಬೇರಿಸಿದಳು. "ಆನೆನಾ?"

"ನಮ್ ನಾಯಿ ಹೆಸರು ಮೇಡಂ" ಎಂದ ವೃಷಭೇಂದ್ರ, ಮೈಕ್ ಮುಚ್ಚಿ ಹಲ್ಲು ಕಚ್ಚಿದ. "ಮಾವ, ಆನೆಗೀನೆ ಏನೂ ಇಲ್ಲ. ಇಳಿ."

"ಮತ್ತ ಬಟ್ಟ ಯಾಕ್ಲಾ ಕಟ್ಟಿದ್ದೀಯ?"

"ಗೋಡೆ ಮಾವ ಅದು."

ಪುಟ್ಟಬಸಪ್ಪ ದುಪ್ಪಟಿಯನ್ನು ಮುಟ್ಟಿ ನೋಡಿ ಕೆಳಗಿಳಿದ. ಊರಿಗೆ ವಿಷಯ ವಿವರಿಸಿದ. "ಗೋಡೆಯಂತೆ ಕಣ್ರಪ್ಪ. ಒಂದು ತಿಂಗಳು ಕಾವಲು ಇವನ್ದೇ." ದಂಡ ಒಕ್ಕೊರಲಿನಿಂದ ಮಂಜೂರಾಯಿತು. ಆದರೆ ತಂದ ಪಟಾಕಿಯನ್ನು ಏನು ಮಾಡುವುದು? ವಾಪಸ್ ಹೊತ್ತೊಯ್ಯಲು ಯಾರಿಗೂ ಮನಸ್ಸಿರಲಿಲ್ಲ. ಕಾಡಂಚಿನ ಹಳ್ಳದ ಕಡೆಗೆ ಎಸೆದು ಅಷ್ಟನ್ನೂ ಸುಟ್ಟು, ಟೀ ಕುಡಿಯಲು ಹೋದರು.

ಆ ಹಳ್ಳದ ಲಾಂಟಾನ ಪೊದೆಯ ನೆರಳಿನಲ್ಲಿ ಒಂದು ಒಂಟಿ ಸಲಗ ಯಾರ ತಂಟೆಗೂ ಹೋಗದೆ ನಿಂತೇ ನಿದ್ದೆ ಮಾಡುತ್ತಿತ್ತು.

"ಮದುವೆ ಮುಗೀತು ಅನ್ಸುತ್ತೆ" ಎಂದಳು ದಿವ್ಯ. "ಇನ್ನೇನಿಲ್ಲ, ನನ್ನ ಕಡೆಯಿಂದ ಓಕೆ. ಒಂದು ಫೋಟೋ ತಗೊಂಡು ಮುಗಿಸ್ತೀನಿ. ನೇರ ಕೂತ್ಕೊಳ್ಳಿ."

ವೃಷಭೇಂದ್ರ ನೇರ ಕೂತ. ಹಿಂದಿನಿಂದ ಬಿಸಿ ಗಾಳಿ ಬೀಸಿತು. ಗೋಡೆ ಒಮ್ಮೆ ಉಬ್ಬಿ, ಒಮ್ಮೆ ಒಳಸೇರಿ, ಫರ್ರನೆ ಎದ್ದುಹೋಯಿತು. ಲ್ಯಾಪ್‌ಟಾಪಿನಲ್ಲಿ ತನ್ನ ಮುಖದ ಹಿಂದೆ ಇನ್ನೊಂದು ಮುಖ ಅವನಿಗೆ ಕಂಡಿತು. ಬೀಗರ ದುಪ್ಪಟಿಯನ್ನು ಸೊಂಡಿಲಲ್ಲಿ ಎತ್ತಿ ಹಿಡಿದು, ಎರಡು ಕೊಂಬಿನ ನಡುವೆ ಅವನ ತಲೆಯನ್ನು ಇಟ್ಟುಕೊಂಡಂತೆ, ಸಲಗ ಕ್ಯಾಮೆರಾವನ್ನೇ ನೋಡುತ್ತಿತ್ತು.

ದಿವ್ಯಳ ಮುಖ ಕಲ್ಲಾಯಿತು. "ಆ ಬ್ಯಾಕ್‌ಗ್ರೌಂಡ್ ತೆಗೀರಿ."

"ಮೇಡಂ" ಎಂದ ಅವನು ತುಟಿ ಅಲ್ಲಾಡಿಸದೆ. "ಆನೆ."

"ಕಾಣುತ್ತೆ. ತೆಗೀರಿ."

"ನಿಜವಾದ್ದು."

"ಮಿಸ್ಟರ್ ವೃಷಭೇಂದ್ರ, ಬಾರಲ್ಲಿ ಕೂತಿದ್ದವನೂ ಪುಸ್ತಕ ನಿಜ ಅಂತಲೇ ಹೇಳಿದ್ದ. ನಿಮ್ಮದು ಕೊನೇಪಕ್ಷ ಸ್ವಲ್ಪ ಚೆನ್ನಾಗಿದೆ. ಕಿವಿ ಕೂಡ ಅಲ್ಲಾಡುತ್ತೆ." ಫೋಟೋ ತೆಗೆದ ಸದ್ದಾಯಿತು. "ಸುಳ್ಳು ಹಿನ್ನೆಲೆ. ಫೇಲ್. ಸೋಮವಾರ ಬನ್ನಿ."

ಪರದೆ ಕಪ್ಪಾಯಿತು. ವೃಷಭೇಂದ್ರ ಊರ ಕಡೆ ತಿರುಗಿ ಬಾಯಿ ಹರಿಯುವಂತೆ ಕೂಗಿದ. ಟೀ ಅಂಗಡಿಯಲ್ಲಿ, ಪಟಾಕಿ ಸುಟ್ಟು ಬಂದವರಲ್ಲೊಬ್ಬನಾದ ರಾಜಶೇಖರ್ ಲೋಟದಿಂದ ತಲೆ ಎತ್ತದೆ, "ಕಂಪನಿಯೋರ ಜತೆ ಮಾತಾಡ್ತಾವ್ನೆ ಬುಡಿ" ಎಂದ. ಕೊನೆಗೆ ಅವರು ಎದ್ದದ್ದು ಒಂದು ಬಿಳಿ ಬಟ್ಟೆ ಜೋಳದ ಮೇಲ್ಗಡೆ ತನ್ನಷ್ಟಕ್ಕೆ ತಾನೇ ಕಾಡಿನತ್ತ ನಡೆದುಹೋಗುತ್ತಿರುವುದನ್ನು ಕಂಡ ಮೇಲೆ.

ಅಟ್ಟಣೆಯಿಂದ ಇಳಿದು ಬಂದ ವೃಷಭೇಂದ್ರ ನಡೆದದ್ದನ್ನು ಹೇಳಿದ. ವರ್ಷವಿಡೀ ಆನೆಯನ್ನು ಬೈಯುವ ಊರು ಈಗ ಆನೆಯ ಪರವಾಗಿ ಕೆರಳಿತು.

"ನಮ್ಮಾನೆನೇ ಸುಳ್ಳು ಅಂದ್ಲಾ ಅವ್ಳು?" ಎಂದ ಪುಟ್ಟಬಸಪ್ಪ. "ನಾನು ಅರ್ಧ ಒಲ ಕಳ್ಕಂಡಿರದು ಯಾವ ಬ್ಯಾಕ್‌ಗ್ರೌಂಡಿಗ್ಲಾ? ತಗಿ ಫೋನ, ನಾವೇಳ್ತೀವಿ."

"ನೀವೇ ಸಾಕ್ಷಿ ಏಳಿ ಮಾವ" ಎಂದ ವೃಷಭೇಂದ್ರ. ಅವನಿಗೆ ಅದೊಂದೇ ದಾರಿ ಕಂಡಿತ್ತು.

ರಾಜಶೇಖರ್ ವಿಡಿಯೋ ಹಿಡಿದ. ಎಲ್ಲರೂ ತಮಗೆ ಬಂದ ತಮಿಳಿನಲ್ಲಿ ಸಾಕ್ಷಿ ನುಡಿದರು. ಪುಟ್ಟಬಸಪ್ಪ ಹೆಜ್ಜೆಗುರುತಿನೊಳಗೆ ತನ್ನ ಎರಡೂ ಪಾದ ಇಟ್ಟು ಜಾಗ ಉಳಿದದ್ದನ್ನು ತೋರಿಸಿದ. ದೊಡ್ಡಮಾದ ಬಿಸಿ ಲದ್ದಿಯನ್ನು ಕೋಲಿನಿಂದ ಕೆದಕಿ ಆವಿಯನ್ನು ಕ್ಯಾಮೆರಾಕ್ಕೆ ಹಿಡಿಸಿದ. ಶಿವಮಲ್ಲಮ್ಮ ದುಪ್ಪಟಿ ಹೋದ ದಿಕ್ಕಿಗೆ ಕೈ ತೋರಿಸಿ ಅತ್ತಳು. ಬಿಸಿ ಏರಿದಂತೆ ಸಾಕ್ಷ್ಯವೂ ಏರಿತು. ಇದೊಂದೇ ಅಲ್ಲ ಮೇಡಂ, ದಿನಾ ಬರುತ್ತದೆ. ಹೋದ ವರ್ಷ ಇದೇ ಅಟ್ಟಣೆಯನ್ನು ಬುಡಸಮೇತ ಕೆಡವಿತ್ತು. ಈ ಹುಡುಗ ದಿನಾ ಅದರ ಬಾಯಿಗೆ ಸಿಗುವಷ್ಟು ಎತ್ತರದಲ್ಲೇ ಕೂರುವುದು. ಚಿರತೆಯೂ ಇದೆ, ಬೇಕಾದರೆ ನಾಳೆ ತೋರಿಸುತ್ತೇವೆ.

ವಿಡಿಯೋ ಕಳಿಸಿ ವೃಷಭೇಂದ್ರ ಅಟ್ಟಣೆಯಲ್ಲೇ ಕಾದು ಕೂತ. ಸಂಜೆ ದಿವ್ಯಳ ಕರೆ ಬಂತು. ಅವನು ಸ್ಪೀಕರ್ ಹಾಕಿದ. ಕೆಳಗೆ ಊರು ತಗಡು ಹಿಡಿದು ನಿಂತಿತ್ತು.

"ನಿಮ್ಮ ವಿಡಿಯೋನ ನಮ್ಮ ಕಮಿಟಿ ನೋಡ್ತು. ಆನೆ ನಿಜ ಅಂತ ಒಪ್ಪಿದ್ದೀವಿ. ನಿಮ್ಮ ಮೇಲಿನ ಆರೋಪ ವಾಪಸ್ ತಗೊಂಡಿದೀವಿ. ತಪ್ಪಾಯ್ತು, ಕ್ಷಮಿಸಿ."

ಕೆಳಗೆ ತಗಡುಗಳು ಮೊಳಗಿದವು. ಪುಟ್ಟಬಸಪ್ಪ ಟವೆಲ್ ಮೇಲೆಸೆದು ಹಿಡಿದ.

"ಆದರೆ" ಎಂದಳು ದಿವ್ಯ, "ಉದ್ಯೋಗಿಯನ್ನ ಆನೆ ಬಾಯಲ್ಲಿ ಕೂರಿಸಿ ಕೆಲಸ ಮಾಡಿಸೋಕೆ ಕಂಪನಿ ಸುರಕ್ಷತಾ ನಿಯಮ ಒಪ್ಪಲ್ಲ. ನಿಮ್ಮೂರವರು ಎಷ್ಟು ವಿವರವಾಗಿ ಹೇಳಿದ್ದಾರೆ. ನಮಗೆಲ್ಲ ಕಣ್ಣಲ್ಲಿ ನೀರು ಬಂತು. ಸೋಮವಾರ ಬನ್ನಿ."

ವೃಷಭೇಂದ್ರ ಇಳಿದು ಬಂದು ಪುಟ್ಟಬಸಪ್ಪನ ಕೈ ಹಿಡಿದ. "ಮಾವ, ನಂಗೆ ಒಂದು ತಿಂಗಳು ಕಾವಲು ದಂಡ ಹಾಕಿದ್ರಲ್ಲ. ಮಾಡ್ತೀನಿ. ಊರ ಕಟ್ಟು, ಬಿಡಂಗಿಲ್ಲ ಅಂತ ಕಂಪನಿಗೆ ಒಂದು ಮಾತು ಏಳ್ಬುಡಿ."

ಪುಟ್ಟಬಸಪ್ಪ ಅವನ ಬೆನ್ನು ತಟ್ಟಿದ. "ಎಲ್ಲಾದ್ರೂ ಉಂಟಾ? ನೀನ್ ಬಟ್ಟ ಕಟ್ದೆ, ಆನ ಬಂತು. ಕಂಪನಿಯೋರೇ ನಿಜ ಅಂದವ್ರೆ. ದಂಡ ಮಾಪಿ. ನೀನ್ ಆರಾಮಾಗಿ ಓಗ್ಬುಟ್ಟು ಬಾ."

ಸೋಮವಾರ ವೃಷಭೇಂದ್ರ ದಿಂಬಂ ಘಾಟಿಯ ಪ್ರತಿ ತಿರುವಿನಲ್ಲೂ ಬಸ್ಸಿನ ಕಿಟಕಿಯಿಂದ ತಲೆ ಹೊರಗೆ ಹಾಕುತ್ತಾ ಇಳಿದು ಕೊಯಮತ್ತೂರು ಸೇರಿದ. ಲಾಡ್ಜಿನಲ್ಲಿ ಅದೇ ಹಾಸಿಗೆ, ಅದೇ ಎಣ್ಣೆ. ಆಫೀಸಿನ ಗೋಡೆಗಳಿಗೆ ರಿಪೇರಿ ನಡೆಯುತ್ತಿತ್ತು. ಸುಣ್ಣ ಕಿತ್ತು ಇಟ್ಟಿಗೆ ಕಾಣುತ್ತಿದ್ದವು. ಗಿರಾಕಿಗಳಿಗೆ ಇದು ಕಾಣಬಾರದೆಂದು ಎಲ್ಲರೂ ಬೆನ್ನ ಹಿಂದೆ ಕಂಪನಿ ಕೊಟ್ಟ ಚಿತ್ರವನ್ನೇ ಹಾಕಿಕೊಳ್ಳಬೇಕೆಂದು ದಿವ್ಯಳ ಹೊಸ ಆಜ್ಞೆ ಬಂದಿತ್ತು.

ವೃಷಭೇಂದ್ರ ಚಿತ್ರವನ್ನು ತೆರೆದ. ಜೋಳದ ಹೊಲ, ಎರಡು ಕೊಂಬು, ಎತ್ತಿದ ಸೊಂಡಿಲಿನಲ್ಲಿ ಅವ್ವನ ದುಪ್ಪಟಿ. ನಡುವೆ ಅವನು ಕೂತಿದ್ದ ಜಾಗವನ್ನು ಮಾತ್ರ ಒರೆಸಿ ತೆಗೆದಿದ್ದರು. ಅವನು ಕುರ್ಚಿ ಸರಿಪಡಿಸಿಕೊಂಡು ಸರಿಯಾಗಿ ಅಲ್ಲೇ ಕೂತ.

ಕರೆ ಹತ್ತಿತು. ಆ ಕಡೆ ಗಿರಾಕಿ ಕನ್ನಡಕ ಏರಿಸಿ ಬಗ್ಗಿ ನೋಡಿದ.

"ಅದ್ಭುತವಾಗಿದೆ. ಆ ಆನೆ ನಿಜವಾದದ್ದೇ?"

ಎದುರಿನ ಮೇಜಿನಿಂದ ದಿವ್ಯ ಇವನನ್ನೇ ನೋಡುತ್ತಿದ್ದಳು.

"ಇಲ್ಲ ಸರ್" ಎಂದ ವೃಷಭೇಂದ್ರ. "ಬ್ಯಾಕ್‌ಗ್ರೌಂಡ್."