ಬಾನೆಟ್ಟಿನೊಳಗಿನ ನಾಗಪ್ಪ

ಎಲ್ಲ ರಗಳೆಗೂ ಮೂಲ ಒಂದು ‘ಪುಸ್ಸ್’.

ಸೋಲದೇವನಹಳ್ಳಿಯ ಯೋಗಾನಂದ ಆಕ್ಸಿಲರೇಟರಿನಿಂದ ಕಾಲು ತೆಗೆದ ಕೂಡಲೇ ಅವನ ಕಾರು ಹಾಗೆ ಸದ್ದು ಮಾಡುತ್ತಿತ್ತು. ಯಾರೋ ಓಡಿಸಿ ಬಿಟ್ಟ ಟರ್ಬೊ ಕಾರು. ಎರಡೇ ಬಾಗಿಲು, ಹೊಟ್ಟೆ ನೆಲಕ್ಕೆ ತಾಗುವಷ್ಟು ಕುಳ್ಳು, ಮುಸ್ಸಂಜೆ ಕೆರೆಯ ನೀಲಿ ಬಣ್ಣ. ಯಶವಂತಪುರದಲ್ಲಿ ಗ್ಯಾರೇಜಿಟ್ಟಿರುವ ಮುದಸ್ಸಿರ್ ಅದಕ್ಕೆ ಇನ್ನೂ ದೊಡ್ಡ ಟರ್ಬೊ ಕೂರಿಸಿ, ಗಾಳಿ ನುಗ್ಗಲೆಂದು ಬಾನೆಟ್ಟಿನ ಮೇಲೆ ಬಾಯಿ ತೆರೆದ ಕಿಂಡಿ ಮಾಡಿ, ಹೆಚ್ಚಾದ ಗಾಳಿ ಹೊರಬೀಳಲು ಒಂದು ವಾಲ್ವ್ ಇಟ್ಟಿದ್ದ. ಪುಸ್ಸ್ ಎನ್ನುತ್ತಿದ್ದದ್ದು ಆ ವಾಲ್ವ್. ಯೋಗಾನಂದನ ಕಿವಿಗೆ ಅದೇ ನಾದಸ್ವರ. ನಿದ್ದೆಯಲ್ಲೂ ಅವನು ಪುಸ್ಸ್ ಪುಸ್ಸ್ ಎನ್ನುತ್ತಾನೆಂದು ಹೆಂಡತಿ ಶಿಲ್ಪ ಹೇಳುತ್ತಿದ್ದಳು.

ಪಾಪ, ಅವನ ಕಸುಬಾದರೂ ಏನು? ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುವುದು. ಆಮೆ ನಾಚುವಂತೆ ತೆವಳುವ ಬಿಳಿ ಕಾರಿನಲ್ಲಿ, ಎಡಗಡೆಯ ಸೀಟಿನಲ್ಲಿ ಕೂತು, ತನ್ನ ಪಾಲಿನ ಬ್ರೇಕನ್ನು ಒತ್ತುತ್ತಲೇ ತಲೆಗೂದಲು ಬೆಳ್ಳಗಾಗಿತ್ತು. “ನಿಧಾನ ಮೇಡಂ, ನಿಧಾನ, ಕ್ಲಚ್ ಬಿಡಿ” ಎಂದು ಬಾಯಿ ಹೇಳುತ್ತಿದ್ದರೆ ಮನಸ್ಸು ಹೆಸರಘಟ್ಟದ ಹುಲ್ಲುಗಾವಲಿನ ಪಕ್ಕದ ನೇರ ರಸ್ತೆಯಲ್ಲಿರುತ್ತಿತ್ತು. ಅಲ್ಲಿ ಮಂಜು ಇನ್ನೂ ಏಳುತ್ತಿರುತ್ತಿತ್ತು. ನೀಲಿ ಕಾರು ಬಂದ ಗಾಳಿಗೆ ಹುಲ್ಲೆಲ್ಲ ಬಾಗಿ ದಾರಿ ಬಿಡುತ್ತಿತ್ತು. ಕನಸು ಕಾಣುವುದಕ್ಕೆ ಯಾರಪ್ಪನ ಅಪ್ಪಣೆ ಬೇಕು?

ಓಡಿಸುವುದಕ್ಕೆ ಮಾತ್ರ ಬೇಕಿತ್ತು. ಕಾರಿನ ಪೂಜೆಯ ದಿನ ಶಿಲ್ಪ ಮಾರಮ್ಮನ ಗುಡಿ ಮುಂದೆ, ಬೀದಿಗೆ ಬೀದಿಯೇ ನೋಡುತ್ತಿದ್ದಂತೆ, ಗಂಡನಿಂದ ಉರಿಯುವ ಕರ್ಪೂರ ಮುಟ್ಟಿಸಿದ್ದಳು. “ಅರವತ್ತು ದಾಟ್ಸಲ್ಲ ಅನ್ನಿ. ದಾಟ್ಸಿದ್ರೆ ಮಾರನೇ ದಿನಾನೇ ಮಾರ್ತೀನಿ ಅನ್ನಿ.” ಯೋಗಾನಂದ ಅಂದಿದ್ದ. ಕೈ ಸುಟ್ಟಿದ್ದಕ್ಕಿಂತ ಹೊಟ್ಟೆ ಹೆಚ್ಚು ಸುಟ್ಟಿತ್ತು. ಆದರೆ ಕರ್ಪೂರದ ಆಣೆ ಎಂದರೆ ಆ ಕಡೆಯ ಜನಕ್ಕೆ ಹುಡುಗಾಟವಲ್ಲ. ಬೀದಿಯ ತುಂಬ ಹಂಪುಗಳಿದ್ದವು, ಹಂಪುಗಳ ನಡುವೆ ಹಸುಗಳಿದ್ದವು; ಕಾರು ಎರಡನೇ ಗೇರೇ ದಾಟಿರಲಿಲ್ಲ. ಅವನದು ಈಗ ಒಂದೇ ಆಸೆ. ಹುಲ್ಲುಗಾವಲಿನ ರಸ್ತೆಗೆ ಹೋಗಬೇಕು, ಒಂದೇ ಉಸಿರಿಗೆ ಐವತ್ತೊಂಬತ್ತು ಮುಟ್ಟಬೇಕು, ಬರಬೇಕು. ಆಣೆಯೂ ಉಳಿಯಬೇಕು, ಕಾರೂ ಉಳಿಯಬೇಕು.

ಅದಕ್ಕೆಂದೇ ಆ ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ ಇಸ್ತ್ರಿ ಅಂಗಿ ತೊಟ್ಟು ಕಾರು ಸ್ಟಾರ್ಟ್ ಮಾಡಿದ. ಆಸೆಗೆ ಒಮ್ಮೆ ಆಕ್ಸಿಲರೇಟರ್ ಒತ್ತಿ ಬಿಟ್ಟ. ಪುಸ್ಸ್!

ಅಂಗಳದಲ್ಲಿ ಸೊಪ್ಪು ಬಿಡಿಸುತ್ತಿದ್ದ ತಾಯಿ ಗೋಪಾಲಮ್ಮ ಮೊರ ಬಿಟ್ಟು ಎದ್ದಳು.

“ಅಯ್ಯಯ್ಯಪ್ಪಾ! ಆವು! ಕಾರೊಳಗೆ ಆವು ಬುಸುಗುಟ್ತೈತೆ ಕಣ್ಲಾ, ಇಳಿಯೋ ಈಚೆಗೆ!”

“ಹಾವಲ್ಲಮ್ಮಾ, ವಾಲ್ವು.”

“ಎಂಥದ್ದೋ ಒಂದು. ಕಚ್ಚಾದ್ಮೇಲೆ ಎಸ್ರು ಕಟ್ಕೊಂಡು ಏನಾಗ್ಬೇಕು?”

ಅಷ್ಟರಲ್ಲಿ ಎದುರುಮನೆಯ ಆಂಜಿನಪ್ಪ ಟವೆಲ್ಲು ಹೆಗಲಿಗೆ ಹಾಕಿಕೊಂಡು ಬಂದೇಬಿಟ್ಟ. ಆ ಬೀದಿಯಲ್ಲಿ ಹಾವು, ಬೋರ್‌ವೆಲ್ಲು, ಮದುವೆ ಸಂಬಂಧ ಮೂರಕ್ಕೂ ಅವನೇ ಪಂಡಿತ. “ಇನ್ನೊಂದ್ ಸಲ ಒತ್ತು” ಎಂದ. ಯೋಗಾನಂದ ಒತ್ತಿ ಬಿಟ್ಟ. ಪುಸ್ಸ್. ಆಂಜಿನಪ್ಪ ಕಣ್ಣು ಮುಚ್ಚಿ ಕೇಳಿ, ಚಪ್ಪಲಿ ಕಳಚಿ, ಬಾನೆಟ್ಟಿಗೆ ಕೈ ಮುಗಿದ.

“ನಾಗಪ್ಪನೇ. ಅನುಮಾನ ಬ್ಯಾಡ. ಬೆಚ್ಚಗೈತೆ ಅಂತ ಸೇರ್ಕೊಂಡವ್ನೆ. ಓಡಿಸ್ಬ್ಯಾಡ ಯೋಗಾ, ಸುಟ್ಟೋದ್ರೆ ಏಳು ತಲೆಮಾರಿಗೆ ದೋಸ.”

“ಮಾವಾ, ಬಾನೆಟ್ ತೆಗೆದು ತೋರಿಸ್ತೀನಿ, ನೋಡಿ.”

ತೋರಿಸಿದ. ಒಳಗೆ ದಪ್ಪನೆಯ ಕರೀ ರಬ್ಬರ್ ಪೈಪು ಸುರುಳಿ ಸುತ್ತಿಕೊಂಡು ಮಲಗಿತ್ತು. ಹೆಂಗಸರು ಕಿಟಾರನೆ ಕಿರುಚಿದರು. ಇದು ಪೈಪು, ಇದರಲ್ಲಿ ಗಾಳಿ ಹೋಗುತ್ತದೆ ಎಂದು ಯೋಗಾನಂದ ಪಾಠ ಶುರುಮಾಡಿದ. ಕೇಳುವವರಾರು? ಬಾಗಿಲಲ್ಲಿ ನಿಂತ ಶಿಲ್ಪ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಅವನು ಸೋತು ಬಾನೆಟ್ ಮುಚ್ಚಿ, ಮತ್ತೆ ಕಾರು ಹತ್ತುವಷ್ಟರಲ್ಲಿ, ಗೋಪಾಲಮ್ಮ ಆಗತಾನೆ ಕರೆದ ಹಾಲನ್ನು ಚೊಂಬಿನ ಸಮೇತ ತಂದು, ಅರಿಶಿನ ಕದಡಿ, “ತಪ್ಪಾಯ್ತಪ್ಪ ನಮ್ಮಪ್ಪ, ಉಂಡು ನಿನ್ ದಾರಿ ನೀನ್ ಇಡ್ಕೋ” ಎಂದು ಬಾನೆಟ್ಟಿನ ಕಿಂಡಿಯೊಳಗೆ ಗಳಗಳ ಎರೆದುಬಿಟ್ಟಳು.

“ಅಮ್ಮಾ! ಏನ್ ಮಾಡ್ಬಿಟ್ಟೆ!”

“ಇರ್ಲಿ ಬಿಡು, ಇನ್ನೊಂದ್ ಚೊಂಬೈತೆ.”

ಎರಡನೆಯ ಚೊಂಬು ಬರುವ ಮೊದಲು ಯೋಗಾನಂದ ಕಾರನ್ನು ಬೀದಿಯಿಂದಾಚೆ ಓಡಿಸಿಕೊಂಡು ಹೋಗಿದ್ದ. ಓಡಿಸಿದ ಎಂದರೆ, ಹಂಪಿನಿಂದ ಹಂಪಿಗೆ ಓರೆಯಾಗಿ, ಬಸುರಿ ಮೆಟ್ಟಿಲು ಇಳಿಯುವ ಹಾಗೆ ಇಳಿಸಿಕೊಂಡು ಹೋದ.

ಹೆಸರಘಟ್ಟ ರಸ್ತೆ ಸಿಕ್ಕಿತು. ಬಿಸಿಲು ಎಳೆಯದಾಗಿತ್ತು, ರಸ್ತೆ ಖಾಲಿಯಿತ್ತು, ದೂರದಲ್ಲಿ ಹುಲ್ಲು ಹೊಂಬಣ್ಣಕ್ಕೆ ಹೊಳೆಯುತ್ತಿತ್ತು. ಯೋಗಾನಂದ ಸೀಟು ಮುಂದಕ್ಕೆಳೆದುಕೊಂಡ. ಮೂರನೇ ಗೇರಿಗೆ ಹಾಕಿ ಕಾಲು ಒತ್ತಿದ. ಕಾರು ಒಮ್ಮೆ ಸೀನಿತು. ಆಮೇಲೆ ಕೆಮ್ಮಿತು. ಬಾನೆಟ್ಟಿನಿಂದ ಹೊಗೆ ಎದ್ದು, ಗೃಹಪ್ರವೇಶದ ಮನೆಯಂತೆ ಹಾಲುಕ್ಕಿದ ವಾಸನೆ ಘಮ್ಮೆಂದು ಹರಡಿತು. ಕಾರು ನಿಂತೇಹೋಯಿತು. ಹೊಂಬಣ್ಣದ ಹುಲ್ಲು ಅಲ್ಲೇ ಕಣ್ಣೆದುರಿಗಿತ್ತು. ಯೋಗಾನಂದನಿಗೆ ಅಳು ಬಂತು.

ಮುದಸ್ಸಿರ್‌ಗೆ ಫೋನ್ ಮಾಡಿದ.

“ಹಾಲಾ? ಯಾವ ಹಾಲು ಯೋಗಣ್ಣ?”

“ಹಸುವಿನ ಹಾಲು ಗುರು. ಅರಿಶಿನ ಬೇರೆ.”

ಆ ಕಡೆ ಸ್ಪ್ಯಾನರ್ ನೆಲಕ್ಕೆ ಬಿದ್ದ ಸದ್ದಾಯಿತು. ಆಮೇಲೆ ಮುದಸ್ಸಿರ್, “ಮುಟ್ಬೇಡಿ. ನಮ್ ಸಿದ್ದೂನ ಕಳಿಸ್ತೀನಿ, ಲಾರಿ ಮೇಲೆ ಹತ್ತಿಸ್ಕೊಂಡ್ ಬರ್ತಾನೆ” ಎಂದ.

ಸಿದ್ದುವಿನ ಲಾರಿ ಬಂತು. ಹಿಂದೆ ಕಾರು ನಿಲ್ಲಿಸುವ ಉದ್ದನೆಯ ಹಲಗೆ. ಮುಂದೆ ಹೆಂಡತಿ, ಅತ್ತೆ, ಜೊತೆಗೆ ಹೂ ಸುತ್ತಿದ ಮರದ ತೊಟ್ಟಿಲು. ಯಶವಂತಪುರದಲ್ಲಿ ಸಿದ್ದುವಿನ ತಂಗಿಯ ಮಗುವಿಗೆ ಅವತ್ತೇ ನಾಮಕರಣ. ಸೋದರಮಾವ ತೊಟ್ಟಿಲು ತರದೆ ಮಗುವನ್ನು ಎಲ್ಲಿ ಹಾಕುತ್ತಾರೆ, ಹೆಸರು ಹೇಗೆ ಕೂಗುತ್ತಾರೆ? ಫೋನಿನ ಮೇಲೆ ಫೋನು ಬರುತ್ತಿತ್ತು.

“ಸಾರ್, ಮುಂದೆ ಜಾಗ ಇಲ್ಲ. ಬೇಜಾರ್ ಮಾಡ್ಕೋಬೇಡಿ, ನಿಮ್ ಕಾರಲ್ಲೇ ಕೂತ್ಬಿಡಿ.”

ಯೋಗಾನಂದ ಲಾರಿಯ ಮೇಲಿನ ಕಾರಿನೊಳಗೆ ಸ್ಟೇರಿಂಗ್ ಹಿಂದೆ ಕೂತ. ಅಭ್ಯಾಸಬಲ, ಬೆಲ್ಟೂ ಹಾಕಿಕೊಂಡ.

ನಾಗಸಂದ್ರದ ಹತ್ತಿರ ಲಾರಿ ತುಮಕೂರು ರಸ್ತೆಯ ಮೇಲ್ಸೇತುವೆ ಹತ್ತಿತು. ಅಲ್ಲಿ ಹಂಪಿಲ್ಲ, ಹಸುವಿಲ್ಲ. ಸಿದ್ದುವಿಗೆ ಮತ್ತೊಂದು ಫೋನು ಬಂದಿರಬೇಕು, ಲಾರಿ ಹುಚ್ಚು ಹಿಡಿದ ಹಾಗೆ ನುಗ್ಗಿತು. ಕಟ್ಟಡಗಳೆಲ್ಲ ಕೆಳಗೆ ಉಳಿದವು. ಲಾರಿಯ ಎತ್ತರ, ಅದರ ಮೇಲೆ ಕಾರು, ಸುತ್ತ ಬರೀ ಆಕಾಶ. ಗಾಳಿ ಕಿಟಕಿಯಿಂದ ನುಗ್ಗಿ ಇಸ್ತ್ರಿ ಅಂಗಿಯನ್ನು ಹಾಯಿಯಂತೆ ಉಬ್ಬಿಸಿತು. ಪಕ್ಕದಲ್ಲೇ ಮೆಟ್ರೋ ರೈಲು ಬಂತು. ಯೋಗಾನಂದ ಸ್ಟೇರಿಂಗ್ ಬಿಗಿಹಿಡಿದ, ಗೇರು ಬದಲಿಸಿದ, ಕಾಲು ಪೂರ್ತಿ ಒತ್ತಿದ. ರೈಲಿನ ಕಿಟಕಿಯಲ್ಲಿದ್ದವರು ಕೈ ಬೀಸಿದರು. ಒಂದು ಡಬ್ಬಿ ಹಿಂದಾಯಿತು, ಇನ್ನೊಂದು ಹಿಂದಾಯಿತು, ಕೊನೆಗೆ ರೈಲೇ ಹಿಂದೆ ಬಿತ್ತು. ಅವನು ಕೈಯನ್ನು ಕಿಟಕಿಯಿಂದಾಚೆ ಚಾಚಿ, ಬಾಯಿ ತುಂಬ “ಪುಸ್ಸ್” ಎಂದ. ಜೀವಮಾನದಲ್ಲಿ ಅಷ್ಟು ಸುಖ ಅವನು ಕಂಡಿರಲಿಲ್ಲ.

ಕಾರನ್ನು ಗ್ಯಾರೇಜಿನಲ್ಲಿ ಬಿಟ್ಟು, ಸಂಜೆ ಬಸ್ಸಿನಲ್ಲಿ ನೇತಾಡಿಕೊಂಡು ಮನೆಗೆ ಬಂದ. ಅಂಗಳದಲ್ಲಿ ಜಾತ್ರೆ ಸೇರಿತ್ತು. ಶಿಲ್ಪಳ ಕೈಯಲ್ಲಿ ಫೋನು. ಕಾರು ಅವಳ ಹೆಸರಿನಲ್ಲಿದ್ದುದರಿಂದ ದಂಡದ ಮೆಸೇಜು ಅವಳಿಗೇ ಬಂದಿತ್ತು. ಜೊತೆಗೊಂದು ಫೋಟೋ. ಮೇಲ್ಸೇತುವೆಯ ಕ್ಯಾಮೆರಾ ಹಿಂದಿನಿಂದ ಹಿಡಿದದ್ದು. ನೀಲಿ ಕಾರಿನ ಬೆನ್ನು, ನಂಬರು, ಕಿಟಕಿಯಿಂದ ಚಾಚಿದ ಒಂದು ಕೈ. ನಂಬರು ಕಾಣಲೆಂದು ಕತ್ತರಿಸಿದ ಫೋಟೋದಲ್ಲಿ ಕೆಳಗಿನ ಲಾರಿ ಮಾತ್ರ ಇರಲಿಲ್ಲ. ವೇಗ ತೊಂಬತ್ತೇಳು.

“ತೊಂಬತ್ತೇಳಾ!” ಆಂಜಿನಪ್ಪನ ಹುಬ್ಬು ಹಣೆಗೇರಿತ್ತು. “ನಾಗಪ್ಪನ್ನ ಒಳಗಿಟ್ಕೊಂಡು ತೊಂಬತ್ತೇಳು! ಗಂಡಸು ಕಣಯ್ಯ ನೀನು. ಈ ಬೀದೀಲಿ ಇಂಥವನೊಬ್ಬ ಅವ್ನೆ ಅಂತ ನಂಗೊತ್ತೇ ಇರ್ಲಿಲ್ಲ.”

ಡ್ರೈವಿಂಗ್ ಕಲಿಯಲು ಬರುತ್ತಿದ್ದ ಮೋನಿಷಾ ಕೂಡ ಅಲ್ಲಿದ್ದಳು. “ಸಾರ್, ನೀವಾ? ನಂಗೆ ಇಪ್ಪತ್ತೈದಕ್ಕೇ ಬ್ರೇಕ್ ಹಾಕ್ತೀರಲ್ಲ ಸಾರ್!” ಎಂದಳು. ಅವಳ ಕಣ್ಣಲ್ಲಿ ಇದ್ದದ್ದು ಭಕ್ತಿ.

ಶಿಲ್ಪ ಮಾತ್ರ ನೇರವಾಗಿ ಕೇಳಿದಳು. “ಎಲ್ರ ಮುಂದೆ ಹೇಳಿ. ನೀವೇ ಓಡ್ಸಿದ್ದಾ?”

ಲಾರಿ ಎಂಬ ಒಂದು ಮಾತು ಸಾಕಿತ್ತು. ಕಾರು ಉಳಿಯುತ್ತಿತ್ತು. ಆ ಮಾತು ನಾಲಿಗೆಯ ತುದಿಗೂ ಬಂತು. ಆದರೆ ಲಾರಿ ಎಂದರೆ ಹಾಲು ಎನ್ನಬೇಕು, ಹಾಲು ಎಂದರೆ ಕೆಮ್ಮಿ ನಿಂತದ್ದನ್ನು ಹೇಳಬೇಕು. ಇಷ್ಟು ಜನ ತನ್ನನ್ನು ಹೀಗೆ ನೋಡುತ್ತಿರುವುದು ಇದೇ ಮೊದಲು. ಯೋಗಾನಂದ ಎದೆ ಮುಂದೆ ಮಾಡಿದ.

“ಹೂಂ. ನಾನೇ.”

ಬೀದಿ ಓಹೋ ಎಂದಿತು. ಆಂಜಿನಪ್ಪ ಬೆನ್ನು ತಟ್ಟಿದ. ಗೋಪಾಲಮ್ಮ ಮಗನಿಗೆ ದೃಷ್ಟಿ ತೆಗೆದಳು. ಜನ ಕರಗಿದರು. ಒಳಗೆ ಹೋದಮೇಲೆ ಶಿಲ್ಪ ಊಟದ ತಟ್ಟೆಯನ್ನು ಅವನ ಮುಂದೆ ಕುಕ್ಕಿದಳು.

“ಮುದಸ್ಸಿರಣ್ಣ ಮಧ್ಯಾಹ್ನಾನೇ ಫೋನ್ ಮಾಡಿದ್ರು. ಲಾರಿ ಮೇಲೆ ಬಂತು, ನಾಳೆಗೆ ರೆಡಿ ಆಗುತ್ತೆ ಅಂದ್ರು.”

ಯೋಗಾನಂದನ ಕೈಯಲ್ಲಿದ್ದ ಮುದ್ದೆ ಕೈಯಲ್ಲೇ ಉಳಿಯಿತು. “ಮತ್ತೆ... ಗೊತ್ತಿದ್ದೂ ಯಾಕೆ ಕೇಳ್ದೆ?”

“ನಿಮ್ ಬಾಯಿಂದ ಬೀದಿಯವ್ರಿಗೆ ಗೊತ್ತಾಗ್ಲಿ, ಕಾರ್ ಉಳೀಲಿ ಅಂತ ಕೇಳ್ದೆ ಕಣ್ರೀ! ಕರ್ಪೂರ ಮುಟ್ಟಿದ್ದು ಊರ್ ಮುಂದೆ, ಒಪ್ಕೊಂಡಿದ್ದೂ ಊರ್ ಮುಂದೆ. ಇನ್ನು ಮಾರ್ದೆ ಬೇರೆ ದಾರಿ ಇದ್ಯಾ?” ಅವಳ ಕಣ್ಣಲ್ಲಿ ನೀರಾಡಿತ್ತು. “ಲಾರಿ ಅಂದಿದ್ರೆ ನಿಮ್ ಗಂಟೇನ್ ಹೋಗ್ತಿತ್ತು?”

ಅವನು ಮುದ್ದೆಯನ್ನು ಸಾರಿಗೆ ಅದ್ದಿ ನುಂಗಿದ. ಆಮೇಲೆ ಮುಖದ ಮೇಲೆ ಮೆಲ್ಲಗೆ ಆ ಸೇತುವೆಯ ಗಾಳಿ ಮತ್ತೆ ಬೀಸಿದಂತಾಯಿತು.

“ಮೆಟ್ರೋನ ಹಿಂದೆ ಹಾಕ್ಬಿಟ್ಟೆ ಕಣೇ.”

“ನೀವಲ್ಲ, ಸಿದ್ದು” ಎಂದಳು ಶಿಲ್ಪ, ಸಾರು ಬಡಿಸುತ್ತಾ.